ಹೊರಬೇಕಿಲ್ಲದ ನೀರು

ಅವ್ವನ ಕೆನ್ನೆಗೆ ಅತ್ತೆ ಕಟ್ಟಿದ್ದ ಬಟ್ಟೆಯನ್ನು ಸಾಕಮ್ಮ ಬಿಚ್ಚಿ ಮೂಲೆಗೆ ಎಸೆದಳು.

"ನೋಡೋರು ಏನಂದಾರು, ಮುಚ್ಚಮ್ಮಿ" ಎಂದಳು ಸೋದರತ್ತೆ ಭಾಗ್ಯಮ್ಮ.

"ನೋಡ್ಲಿ. ಇದೇ ಹುಣ್ಣಿಟ್ಕೊಂಡು ನಿಮಗೆಲ್ಲ ರಾಗಿಹಿಟ್ಟು ತೊಳಸಿ ಹಾಕ್ಲಿಲ್ವಾ? ಆಗ ಯಾರೂ ಮುಚ್ಚಲಿಲ್ವಲ್ಲ."

ಅವ್ವ ಸಣ್ಣತಾಯಮ್ಮನ ಹೆಣವನ್ನು ಜಗಲಿಯ ಗೋಡೆಗೊರಗಿಸಿ ಕೂರಿಸಿದ್ದರು. ರಾವಂದೂರಿನ ಸುತ್ತಲಿಂದ ನೆಂಟರು ಬಂದು ಅಂಗಳದಲ್ಲಿ ಸೇರಿದ್ದರು. ಗಂಡ ಮಂಚಯ್ಯ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಮದ್ರಾಸಿನ ಡಾಕ್ಟರು ವಾಸಿ ಮಾಡಿಯೇ ಕಳಿಸಿದ್ದರಂತೆ. ಇವಳು ಸಮುದ್ರದಲ್ಲಿ ಕುಣಿದಾಡಿ ಹುಣ್ಣಿಗೆ ಉಪ್ಪುನೀರು ಹತ್ತಿಸಿಕೊಂಡಳಂತೆ. ಅದಕ್ಕೇ ಹುಣ್ಣು ಮತ್ತೆ ಬಾಯಿ ಬಿಟ್ಟಿತಂತೆ. ಗಂಡಸಿನ ಜೊತೆಯಿಲ್ಲದೆ ಹೆಂಗಸರಿಬ್ಬರೇ ಸಮುದ್ರ ನೋಡಲು ಹೋಗಿದ್ದನ್ನು ಮುದುಕನೊಬ್ಬ ಎತ್ತಿ ಆಡಿದ. ಮಂಚಯ್ಯ ಅದಕ್ಕೂ ಹೂಂಗುಟ್ಟಿದ.

ಸಾಕಮ್ಮನ ಮೈ ಉರಿಯಿತು. ಮದ್ರಾಸಿಗೆ ಜೊತೆಗೆ ಬಾ ಎಂದು ಅವಳು ಅಪ್ಪನ ಕಾಲು ಹಿಡಿದಿದ್ದಳು. ಅವನು ಬರಲಿಲ್ಲ. ನಾತ ತಡೆಯಲಾಗದೆಂದು ಅವ್ವನ ಹಾಸಿಗೆಯನ್ನು ಕೊಟ್ಟಿಗೆಗೆ ಹಾಕಿಸಿದ್ದವನು ಅವನು.

*

ಮದ್ರಾಸಿನ ಆಸ್ಪತ್ರೆಯಲ್ಲಿ ಅವ್ವನ ಕೆನ್ನೆಗೆ ರೇಡಿಯಂ ಸೂಜಿಗಳನ್ನು ಚುಚ್ಚಿ ಏಳು ದಿನ ಮಲಗಿಸಿದ್ದರು. ಇದು ಕ್ಯಾನ್ಸರು, ಇನ್ನೊಮ್ಮೆ ಚುಚ್ಚಬೇಕು, ಆದರೂ ಭರವಸೆ ಕೊಡಲಾರೆ ಎಂದು ಡಾಕ್ಟರು ಸಾಕಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸೂಜಿ ತೆಗೆದ ಮೇಲೆ, ಮುಂದಿನ ಸಲಕ್ಕೆ ಮುಂಚೆ ಸಿಕ್ಕ ಭಾನುವಾರ, ಸಂಜೆಯೊಳಗೆ ಬರಬೇಕೆಂದು ಹೇಳಿ ನರ್ಸಮ್ಮ ಇಬ್ಬರನ್ನೂ ಹೊರಗೆ ಬಿಟ್ಟಳು. ಟ್ರಾಮ್ ಹತ್ತಿ ಸಮುದ್ರಕ್ಕೆ ಹೋದರು.

ಅವ್ವ ಮೊದಲು ದೂರದಲ್ಲೇ ನಿಂತಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಬರುತ್ತಿದ್ದ ಅಲೆಗೆ ಎದುರಾಗಿ ಮರಳಲ್ಲಿ ಕುಕ್ಕರಿಸಿದಳು. ಅಲೆ ಸೊಂಟದವರೆಗೆ ಬಂದು ಅವಳನ್ನು ಹಿಂದಕ್ಕೆ ತಳ್ಳಿತು. ಕಟ್ಟು ಹಾಕಿದ ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದು, ನೋವಾಗುತ್ತಿದ್ದರೂ ನಕ್ಕಳು. ಅವ್ವ ಹಾಗೆ ನಗುವುದನ್ನು ಸಾಕಮ್ಮ ಅದುವರೆಗೆ ಕಂಡಿರಲಿಲ್ಲ. ಎಳನೀರನ್ನು ಬಾಯಿಯ ಒಂದೇ ಮಗ್ಗುಲಿನಿಂದ ಹೀರುತ್ತ, ಹೊತ್ತು ಇಳಿಯುವ ತನಕ ಅಲ್ಲೇ ಕೂತಳು.

"ಎಷ್ಟು ನೀರು ನೋಡು ಸಾಕಿ" ಎಂದಳು. "ಇದ್ರಲ್ಲಿ ಒಂದು ಕೊಡನೂ ನಾನು ಒರಬೇಕಾಗಿಲ್ಲ."

ಹದಿನಾಲ್ಕು ವರ್ಷಕ್ಕೆ ಸೊಸೆಯಾಗಿ ಬಂದಾಗಿನಿಂದ ಕೆರೆಯ ಏರಿ ಹತ್ತಿ ಇಳಿದು ಆ ಮನೆಗೆ, ದನಗಳಿಗೆ, ಬಂದ ನೆಂಟರಿಗೆ ನೀರು ಹೊತ್ತವಳು ಅವಳು. ಹುಣ್ಣಾಗಿ ಕತ್ತು ತಿರುಗಿಸಲಾಗದಿದ್ದಾಗಲೂ ಹೊತ್ತಿದ್ದಳು. ಊರಿಗೆ ಮರಳಿದ ಮೇಲೆ, ನಾಲಗೆ ಹೊರಳುತ್ತಿದ್ದ ತನಕ ಸಮುದ್ರದ ಮಾತೇ ಆಡಿದಳು. ಅವಳು ಶುರುಮಾಡಿದೊಡನೆ ಮಂಚಯ್ಯ ಎದ್ದು ಹೋಗುತ್ತಿದ್ದ.

*

"ಮೈ ತೊಳೀಬೇಕು, ನೀರು ತತ್ತಾ ಓಗಮ್ಮಿ" ಎಂದ ಮಂಚಯ್ಯ, ಮಗಳಿಗೆ.

ಸಾಕಮ್ಮ ತಾಮ್ರದ ಕೊಡ ತಂದು ಅವನ ಮುಂದೆ ಕುಕ್ಕಿದಳು.

"ಉಪ್ಪುನೀರು ಅವ್ವನ್ನ ಕೊಲ್ಲಲಿಲ್ಲ ಕಣಪ್ಪ. ವಾಸಿಯಾಗೋದು ಅನುಮಾನ ಅಂತ ಡಾಕ್ಟ್ರು ಅವತ್ತೇ ಯೋಳಿದ್ರು. ನೀನು ಬಂದಿದ್ರೆ ನಿಂಗೂ ಯೋಳೋರು. ಮೂವತ್ತು ವರ್ಸ ನಿಂಗೆ ನೀರು ಒತ್ತವ್ಳೆ. ಇವತ್ತು ಅವಳಿಗೆ ಒಂದು ಕೊಡ ನೀನು ತಾ. ಅಲ್ಲೀಗಂಟ ಇಂಗೇ ಕೂತಿರ್ಲಿ."

ಅದು ಗಂಡಸರ ಕೆಲಸವಲ್ಲವೆಂದು ಮುದುಕ ಗೊಣಗಿದ. ಭಾಗ್ಯಮ್ಮ ಕೊಡಕ್ಕೆ ಕೈ ಹಾಕಿದಳು. ಸಾಕಮ್ಮ ಅವಳ ಮಣಿಕಟ್ಟು ಹಿಡಿದು ಬಿಡಲಿಲ್ಲ. ಬಿಸಿಲು ಜಗಲಿಗೇರಿತು. ನೊಣಗಳು ಮುತ್ತತೊಡಗಿದವು. ಕೊನೆಗೆ ಮಂಚಯ್ಯ ಯಾರ ಮುಖವನ್ನೂ ನೋಡದೆ ಕೊಡ ಎತ್ತಿಕೊಂಡು ಹೊರಟ. ಸಾಕಮ್ಮ ಹಿಂದೆಯೇ ಹೋಗಿ ಕೆರೆಯ ಏರಿಯ ಮೇಲೆ ನಿಂತಳು.

ಕೆಳಗೆ ಐದಾರು ಹೆಂಗಸರು ನೀರಿಗೆ ಬಂದಿದ್ದರು. ಮಂಚಯ್ಯ ಮೊಣಕಾಲಿನವರೆಗೆ ಇಳಿದು ಕೊಡ ಮುಳುಗಿಸಿದ. ತುಂಬಿದ ಕೊಡ ಎದೆಯವರೆಗೆ ಬಂದು ಜಾರಿ ಅರ್ಧ ಚೆಲ್ಲಿತು. ಮತ್ತೆ ಮುಳುಗಿಸಿ, ಎರಡೂ ತೋಳುಗಳಿಂದ ತಬ್ಬಿಕೊಂಡು, ಹೆಗಲಿಗೇರಿಸಲಾಗದೆ ಸುತ್ತ ನೋಡಿದ. ಹೆಂಗಸರು ಸೊಂಟದ ಮೇಲೆ ಖಾಲಿ ಕೊಡಗಳನ್ನಿಟ್ಟುಕೊಂಡು, ಅವನಿಗೆ ದಾರಿ ಬಿಟ್ಟು, ಎರಡೂ ಪಕ್ಕ ಸರಿದು ನಿಂತರು. ಕೊಡಕ್ಕೆ ಕೈ ಕೊಡಲು ಒಬ್ಬಳೂ ಮುಂದೆ ಬರಲಿಲ್ಲ.