ಎರಡು ತುಂಡು ಉಪ್ಪುಕಂಡ

ಹೆಂಚಿನ ಮೇಲೆ ಕೊಬ್ಬು ಚಿಟಪಟ ಎಂದಿತು, ಆ ವಾಸನೆ ನಡುಮನೆಗೆ ಬಂದು ರಂಗಸ್ವಾಮಿಯ ಬಾಯಲ್ಲಿ ನೀರೂರಿತು — ಹದಿನಾರು ಅನ್ನುವ ತನ್ನೂರಿನಿಂದ ಅವ್ವ ಬಸ್ಸಿನಲ್ಲಿ ಕೊಟ್ಟುಕಳಿಸಿದ ಉಪ್ಪುಕಂಡ, ಉಪ್ಪು ಅರಿಸಿನ ಸವರಿ ದಾರಕ್ಕೆ ಪೋಣಿಸಿ ನಾಲ್ಕು ಬಿಸಿಲು ಕಾಣಿಸಿದ ಕುರಿಬಾಡು, ಎಂಬತ್ತು ದಾಟಿದ ಅವ್ವ ದೇವೀರಮ್ಮ ಕಾಗೆ ಓಡಿಸುತ್ತ ದಿನವಿಡೀ ಕೂತಿದ್ದಿರಬೇಕು, ಫೋನಿನಲ್ಲಿ ಅಂದದ್ದು ಒಂದೇ ಮಾತು, ಸೊರಗೋಗಿದ್ದೀಯಂತೆ, ತಿನ್ನು ಕಣಪ್ಪ — ಆದರೆ ಬೆಳಿಗ್ಗೆ ಶುಗರ್ ಮೆಷೀನು ಇನ್ನೂರ ನಲವತ್ತು ತೋರಿಸಿತ್ತು, ವಾಣಿ ಅದನ್ನು ನೋಡಿ ಮೆಷೀನು ಒರೆಸಿಟ್ಟು ಒಳಗೆ ಹೋಗಿದ್ದಳು, ಹೆಂಡತಿ ಬಯ್ದುಬಿಟ್ಟಿದ್ದರೆ ಒಂಥರಾ ಸಮಾಧಾನ ಇರುತ್ತಿತ್ತು. ಈಗ ತಟ್ಟೆ ತಂದಿಟ್ಟಳು, ಒಂದು ಮುದ್ದೆ, ಸೊಪ್ಪಿನ ಸಾರು, ಎರಡೇ ತುಂಡು, ನೆನೆಸಿ ಉಪ್ಪು ತೆಗ್ದಿದ್ದೀನಿ ಕಣ್ರೀ, ಬಿಪಿನೂ ಅದಲ್ಲ ನಿಮ್ಗೆ, ಇನ್ಸುಲಿನ್ ಚುಚ್ಕಂಡಿದ್ದೀರ, ಮುದ್ದೆ ಬುಡ್ಬೇಡಿ ಮತ್ತೆ, ಎಂದು ಹಿತ್ತಲಿಗೆ ಹೋದಳು. ಮುದ್ದೆಯಿಂದಲೇ ತಾನೆ ಏರುವುದು, ಬಾಡಿನಲ್ಲಿ ಸಕ್ಕರೆ ಎಲ್ಲಿದೆ, ನಾಳೆ ಮೆಷೀನಿನಲ್ಲಿ ನೂರಿಪ್ಪತ್ತು ಕಂಡರೆ ಅವಳ ಮುಖ ಹೇಗೆ ಅರಳಬಹುದು, ಹಾಗೆಂದುಕೊಂಡೇ ಅವನು ಮುದ್ದೆಯನ್ನು ಬಾಗಿಲಾಚೆ ಕೋಳಿಗಳಿಗೆ ಎಸೆದ.

ಮೊದಲ ತುಂಡನ್ನು ನಿಧಾನವಾಗಿ ಅಗಿದ, ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ, ಸ್ಕೂಲಿಗೆ ಹೋಗುವಾಗ ಅವ್ವ ಚಡ್ಡಿ ಜೇಬಿಗೆ ಒಂದು ತುಂಡು ತುರುಕುತ್ತಿದ್ದಳು, ಜೇಬೆಲ್ಲ ಎಣ್ಣೆ ಕಲೆ, ನಾಯಿಗಳು ಹಿಂದೆ, ಮದುವೆಯಾದ ಹೊಸದರಲ್ಲಿ ವಾಣಿ ಇದರ ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಂಡಿದ್ದಳು, ನಿಮ್ಮವ್ವಂಗೆ ಹೇಳ್ಬೇಡಿ, ಎಂದು ನಕ್ಕಿದ್ದಳು, ಎಷ್ಟು ಸಣ್ಣ ಹಲ್ಲು ಅವಳದು — ಸೆಕೆ ಯಾಕಿಷ್ಟು, ಫ್ಯಾನು ತಿರುಗುತ್ತಿದೆ, ತಿರುಗುತ್ತಿದೆಯಲ್ಲ, ಬನಿಯನ್ ಬೆನ್ನಿಗೆ ಅಂಟಿದೆ, ಅವ್ವ ದಾರ ಕಟ್ಟುತ್ತಿದ್ದಾಳೆ, ಆ ತುದಿ ಹಿಡ್ಕೊ ಮಗ, ಹಿಡಿದಿದ್ದೀನಿ ಅವ್ವ, ಕೈ ನಡುಗುತ್ತಿದೆ, ದಾರ ಜಾರುತ್ತಿದೆ, ವಾಣೀ ಅನ್ನಬೇಕು, ನಾಲಿಗೆ ದಪ್ಪಗಾಗಿ ಅವ್ವ ಅಂತಲೇ ಬಂತು, ತಟ್ಟೆ ಠಣಾರ್ ಎಂದಿತು, ಎರಡನೇ ತುಂಡು ಎಲ್ಲಿ ಬಿತ್ತೋ.

ಅಯ್ಯೋ ಬೆವರು ನೋಡಿ, ಇತ್ತಗೆ ನೋಡ್ರೀ, ಬಾಯ್ ತೆಗೀರಿ — ವಾಣಿಯ ದನಿ ಬಾವಿಯೊಳಗಿಂದ ಬಂದಂತೆ, ತುಟಿಯ ನಡುವೆ ಅವಳ ಬೆರಳು, ಸಕ್ಕರೆ, ಎಂಟು ವರ್ಷದಿಂದ ಈ ಮನೆಯಲ್ಲಿ ಅವನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದ ಸಕ್ಕರೆ, ನುಂಗಿ, ಇನ್ನೊಂದ್ಚೂರು ನುಂಗಿ, ಮೆಷೀನು ಕೀಂ ಎಂದಿತು, ಐವತ್ತೆರಡು, ತೀರಾ ಇಳ್ದೋಗದೆ. ಮತ್ತೆ ನೀರಿಗೆ ಸಕ್ಕರೆ ಕದಡಿ ಕುಡಿಸಿದಳು, ಕಾದು ಕೂತಳು, ಗೋಡೆ ಗೋಡೆಯಾಗುತ್ತ ಬಂತು, ಫ್ಯಾನು ಫ್ಯಾನಾಯಿತು, ಮೆಷೀನಿನಲ್ಲಿ ಎಂಬತ್ತೆಂಟು, ಈಗ ಹೇಳಿಬಿಡಬೇಕು, ಮುದ್ದೆ ಕೋಳಿಗಾಕ್ದೆ ಕಣೆ, ಶುಗರ್ ಇಳೀಲಿ, ನಿಂಗೆ ಖುಷಿಯಾಗ್ಲಿ ಅಂತ, ಹೇಳಿಯೇಬಿಟ್ಟ. ಬಯ್ಯುತ್ತಾಳೆ ಅಂದುಕೊಂಡ. ಅವಳು ಬಯ್ಯಲಿಲ್ಲ, ನೀವಿದ್ರೆ ತಾನೆ ನನ್ ಖುಷಿ, ಎಂದಷ್ಟೇ ಅಂದು ಒಳಗಿಂದ ಇನ್ನೊಂದು ಸಣ್ಣ ಮುದ್ದೆ ತಂದಳು, ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಮೇಲೊಂದು ಎಳೆ ಉಪ್ಪುಕಂಡ ಇಟ್ಟು ಅವನ ಬಾಯಿಯ ಹತ್ತಿರ ಹಿಡಿದಳು — ಬಾಯಿ ತೆರೆಯಬೇಕು, ಕಣ್ಣು ಅಲ್ಲೇ ನಿಂತಿದೆ, ಅವಳ ಬೆರಳು, ಉಗುರಿನ ಅಂಚಿಗೆ ಇನ್ನೂ ಎರಡು ಹರಳು ಸಕ್ಕರೆ, ತುತ್ತಿಗೂ ಮೊದಲು ಅವನು ಹಿಡಿದುಕೊಂಡದ್ದು ಅದನ್ನೇ, ಅವಳ ಬೆರಳು.