ಮಾಹಿತಿ ಕೊಟ್ಟವರ ಹೆಸರು

ಇಸ್ತ್ರಿ ಅಕ್ಕನಿಗೆ ಅರವತ್ತಮೂರಾಗಿತ್ತು. ಆದರೂ ಶಾಲೆಗೆ ಹೋಗುವ ಮಕ್ಕಳಿಂದ ಹಿಡಿದು ಕೋಲೂರುವ ಮುದುಕರವರೆಗೆ ಇಡೀ ಬೀದಿಗೆ ಅವಳು ಅಕ್ಕನೇ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಮೇಜು. ಅವಳ ಕೈಗೆ ಸಿಕ್ಕ ಮುದುರು ಅಂಗಿ ಹತ್ತು ನಿಮಿಷದಲ್ಲಿ ಮದುವಣಿಗನ ಅಂಗಿಯಾಗುತ್ತಿತ್ತು. ಮಾತಿನಲ್ಲೂ ಯಾರಿಗೂ ಬಗ್ಗಿದವಳಲ್ಲ. "ಅಕ್ಕನ ನಾಲಿಗೆ ಇದ್ರೆ ಸಾಕು, ಪೆಟ್ಟಿಗೆಗೆ ಕರೆಂಟೇ ಬೇಡ" ಎಂದು ಮಹಡಿ ಮೇಲಿನ ಕಂಪೌಂಡರು ನಗೆಯಾಡುತ್ತಿದ್ದರು.

ಅಂಥವಳು ಆ ಸೋಮವಾರ ಮೇಜಿಗೆ ಬಟ್ಟೆ ಹೊದಿಸಿ, ನಗರಸಭೆಯ ಜನನ ಮರಣ ವಿಭಾಗದ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಟ್ರಂಕಿಗೆ ಗೆದ್ದಲು ಹತ್ತಿತ್ತು. ಹಾಳಾದ ಹುಳ ಹಳೇ ಬಟ್ಟೆಗಳನ್ನೆಲ್ಲ ಬಿಟ್ಟು, ಗಡಿಯಾರದವರ ಮರಣ ದಾಖಲೆಯನ್ನೇ ಹುಡುಕಿ ತಿಂದಿತ್ತು.

ಗಡಿಯಾರದವರು ಎಂದರೆ ಹನ್ನೊಂದು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿ ಬಾಳಿದವರು. ವಾಚು ರಿಪೇರಿ ಅವರ ಕಸುಬು. ಹೆಂಡತಿಯ ಜೊತೆ ಹೊಂದಿಕೆಯಾಗದೆ, ಅವಳನ್ನೂ ಏಳು ವರ್ಷದ ಮಗಳನ್ನೂ ಬಿಟ್ಟು ಬೇರೆ ಊರಿನಿಂದ ಬಂದವರು. ಅಲ್ಲಿ ಬಿಡುಗಡೆಯ ಕಾಗದ ಆಗಿರಲಿಲ್ಲ, ಇಲ್ಲಿ ಮದುವೆಯ ಕಾಗದ ಆಗಲಿಲ್ಲ. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು.

ಅರ್ಜಿಯಲ್ಲಿ 'ಉದ್ದೇಶ' ಎಂಬ ಕಡೆ ಅವಳ ಪೆನ್ನು ನಿಂತಿತು.

"ಆಸ್ತಿ ವರ್ಗಾವಣೆ ಅಂತ ಬರೀರಿ, ಬೇಗ ಆಗುತ್ತೆ," ಎಂದ ಹಿಂದೆ ನಿಂತಿದ್ದವನು.

"ಅವರ ಆಸ್ತಿ ಒಂದು ಚಿಮಟ, ಒಂದು ಭೂತಗನ್ನಡಿ. ಎರಡೂ ಆವತ್ತೇ ವರ್ಗಾವಣೆ ಆಗಿವೆ ಬಿಡಪ್ಪ," ಎಂದ ಅಕ್ಕ 'ಇಟ್ಟುಕೊಳ್ಳಲು' ಎಂದು ಬರೆದಳು.

ಕಿಟಕಿಯ ಆಚೆ ಇದ್ದ ಗುಮಾಸ್ತೆ ನಲವತ್ತೈದರ ಆಸುಪಾಸಿನ ಹೆಂಗಸು. ಅರ್ಜಿ ಓದಿ ಹುಬ್ಬೇರಿಸಿದಳು. ಕಂಪ್ಯೂಟರಿನಲ್ಲಿ ದಿನಾಂಕ ಹುಡುಕಿ, ಕಾಗದ ತೆಗೆದು, ಮೊಹರು ಒತ್ತಿ ಕೊಟ್ಟಳು. ಸತ್ತವರ ಹೆಸರು, ದಿನ, ಜಾಗ ಎಲ್ಲ ಇದ್ದವು. ಅಕ್ಕ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಲ್ಲಿ ನನ್ನ ಹೆಸರಿಲ್ಲ."

"ನಿಮ್ಮ ಹೆಸರು ಯಾಕಿರ್ಬೇಕಮ್ಮ? ಸತ್ತಿರೋದು ಅವರಲ್ವಾ?"

ಸಾಲು ಘೊಳ್ಳೆಂದು ನಕ್ಕಿತು. ಬೇರೆ ದಿನವಾಗಿದ್ದರೆ ಅಕ್ಕ ಒಬ್ಬೊಬ್ಬರನ್ನೂ ಬಿಸಿ ಪೆಟ್ಟಿಗೆಯಲ್ಲಿ ತೀಡಿಬಿಡುತ್ತಿದ್ದಳು. ಈಗ ಕಾಗದವನ್ನು ಕಿಟಕಿಯೊಳಗೆ ವಾಪಸ್ ಸರಿಸಿದಳು.

"ಮಾಹಿತಿ ಕೊಟ್ಟವರು ಅಂತ ಒಂದು ಕಾಲಂ ಇತ್ತು ಮೇಡಂ. ಅಲ್ಲಿ ನನ್ನ ಹೆಸರಿತ್ತು. ಪಕ್ಕದಲ್ಲಿ ಸಂಬಂಧ ಏನು ಅಂತಾನೂ ಬರೆದಿತ್ತು."

ಗುಮಾಸ್ತೆಯ ನಗು ಅಲ್ಲೇ ನಿಂತಿತು. "ಓ, ಅದು ಹಳೇ ಪುಸ್ತಕದ ಪುಟ. ಈಗಿನ ಪ್ರಿಂಟಲ್ಲಿ ಆ ಕಾಲಂ ಬರಲ್ಲ. ಪುಟದ್ದೇ ದೃಢೀಕೃತ ನಕಲು ಬೇಕು ಅಂದ್ರೆ ಸಂಬಂಧಕ್ಕೆ ಪುರಾವೆ ಕೊಡ್ಬೇಕು. ಮದುವೆ ದಾಖಲೆ ಇದೆಯಾ?"

"ಇಲ್ಲ."

"ನಿಮ್ಮಿಬ್ಬರ ಹೆಸರೂ ಇರೋ ಬೇರೆ ಯಾವುದಾದ್ರೂ ಕಾಗದ?"

"ಅದನ್ನೇ ಅಲ್ವಾ ನಾನು ಕೇಳೋಕೆ ಬಂದಿರೋದು?"

ಗುಮಾಸ್ತೆ ಪೆನ್ನು ಕೆಳಗಿಟ್ಟಳು. ಒಂದು ಗಳಿಗೆ ಅಕ್ಕನ ಮುಖವನ್ನೇ ನೋಡಿದಳು. "ಊಟದ ಹೊತ್ತು ಕಳೆದ ಮೇಲೆ ಬನ್ನಿ. ಒಂದು ಸಲ ನೋಡ್ತೀನಿ."

ಅಕ್ಕ ಎಲ್ಲೂ ಹೋಗಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಚೇರಿಯಲ್ಲಿ, ನೆಗಡಿ ಹಿಡಿದು ಮೂಗೊರೆಸುತ್ತಿದ್ದ ಮುದಿ ಗುಮಾಸ್ತರೊಬ್ಬರು ತಲೆಯೆತ್ತದೆ "ಸಂಬಂಧ?" ಎಂದು ಕೇಳಿದ್ದರು. ಅವಳಿಗೆ ಬಾಯಿ ಬಂದಿರಲಿಲ್ಲ. ಎರಡನೇ ಸಲ ಕೇಳಿದಾಗಲೂ ಇಲ್ಲ. ಆಗ ಅವರು ತಲೆಯೆತ್ತಿ ನೋಡಿ, "ಆಸ್ಪತ್ರೇಲಿ ಎಷ್ಟು ದಿನ ಇದ್ರು?" ಎಂದರು. ನಲವತ್ತೊಂದು ದಿನ. "ಜೊತೇಲಿ ಯಾರಿದ್ರು?" ನಾನೇ. ಅವರು ಮತ್ತೇನೂ ಕೇಳದೆ ದುಂಡಗೆ 'ಹೆಂಡತಿ' ಎಂದು ಬರೆದು, ಸಹಿ ಹಾಕಲು ಪುಸ್ತಕ ತಿರುಗಿಸಿದ್ದರು. ಬಾಯಲ್ಲಿ ಹಾಗೆ ಕರೆದವರು ಇರಬಹುದು, ಬೇರೆ ಹೆಸರಿಟ್ಟು ಕರೆದವರೂ ಇದ್ದರು. ಬರೆದವರು ಅವರೊಬ್ಬರೇ.

ಎರಡೂವರೆಗೆ ಗುಮಾಸ್ತೆ ಅವಳನ್ನು ಒಳಗೇ ಕರೆದಳು. ತಲೆಕೂದಲ ತುಂಬ ದೂಳು, ಮೇಜಿನ ಮೇಲೆ ಹೊಲಿಗೆ ಬಿಚ್ಚಿದ ಉದ್ದನೆಯ ಪುಸ್ತಕ.

"ಕೆಳಗಿನ ಕೋಣೇಲಿ ಇಲಿಗಳ ಸಂಸಾರವೇ ಇದೆ. ಅವುಗಳ ಅಪ್ಪಣೆ ಕೇಳಿ ತಂದೆ," ಎಂದಳು. "ಸಾಹೇಬರ ಹತ್ರ ಮಾತಾಡಿದೀನಿ. ಹೆಂಡತಿ ಅಂತ ಅರ್ಜಿ ಹಾಕಿದ್ರೆ ಪುರಾವೆ ಬೇಕು. ಮಾಹಿತಿ ಕೊಟ್ಟವರೇ ಬಂದು ಕೇಳಿದ್ರೆ ಗುರುತಿನ ಚೀಟಿ ಸಾಕು. ಪುಸ್ತಕದಲ್ಲಿರೋದು ಇದ್ದ ಹಾಗೇ ನಕಲಾಗುತ್ತೆ. ಅದರಲ್ಲಿ ಹೆಂಡತಿ ಅಂತ ಇದ್ರೆ ನಾವೇನು ಮಾಡೋಕಾಗುತ್ತೆ?"

ಅಕ್ಕ ಅವಳ ಕೈ ಹಿಡಿದುಕೊಂಡಳು. ಗುಮಾಸ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಏನೋ ಹೇಳಲು ಹಿಂದೆ ಮುಂದೆ ನೋಡುತ್ತಿದ್ದಳು.

"ಇನ್ನೊಂದು ಮಾತಮ್ಮ. ಹದಿನೈದು ದಿನದ ಹಿಂದೆ ಇದೇ ಪುಟದ ನಕಲನ್ನ ಇನ್ನೊಬ್ಬರು ತಗೊಂಡು ಹೋದ್ರು. ಮಗಳು."

ಅಕ್ಕ ಹಿಡಿದಿದ್ದ ಕೈ ಬಿಟ್ಟಳು. "ಆ ಪದ ಹೊಡೆದು ಹಾಕಿಸೋಕೆ ಬಂದಿದ್ಲಾ?"

"ಅದನ್ನ ಕೇಳಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ನಿಂತಿದ್ರು. ಇವರೆಲ್ಲಿದ್ದಾರೆ ಅಂದ್ರು, ನಮಗೆ ಗೊತ್ತಿಲ್ಲ ಅಂದೆ. ಯಾವತ್ತಾದ್ರೂ ಬಂದ್ರೆ ಕೊಡಿ ಅಂತ ನಂಬರ್ ಬರೆದು ಹೋದ್ರು. ಫೋನ್ ಮಾಡೋದು ಬಿಡೋದು ನಿಮ್ಮಿಷ್ಟ."

ನಕಲನ್ನೂ ನಂಬರಿನ ಚೀಟಿಯನ್ನೂ ಹಿಡಿದು ಮನೆಗೆ ಬಂದ ಅಕ್ಕ ಮೂರು ದಿನ ಚೀಟಿಯನ್ನು ಮುಟ್ಟಲಿಲ್ಲ. ಅಪ್ಪನನ್ನು ಕಿತ್ತುಕೊಂಡವಳು ಎಂದು ಆ ಮಗಳು ಬೀದಿಯಲ್ಲಿ ನಿಂತು ಕೂಗಿದರೆ? ಕೂಗಲಿ, ಅವಳ ಹಕ್ಕು ಎಂದು ಒಮ್ಮೆ, ನಾನೇನು ಕದ್ದು ತಂದೆನೇ ಎಂದು ಇನ್ನೊಮ್ಮೆ. ನಾಲ್ಕನೇ ದಿನ ಕಂಪೌಂಡರ ಬಿಳೀ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಗುರುತು ಕಂದಾಗಿ ಕೂತಿತು. ಮೂವತ್ತು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು. ಕಂಪೌಂಡರು ಅಂಗಿ ನೋಡಲಿಲ್ಲ, ಅಕ್ಕನನ್ನೂ ಮೇಜಿನ ಮೂಲೆಯಲ್ಲಿದ್ದ ನಂಬರಿನ ಚೀಟಿಯನ್ನೂ ನೋಡಿದರು. ಜೇಬಿನಿಂದ ಫೋನ್ ತೆಗೆದು, "ಯಾರಿಗೆ ಮಾಡ್ಬೇಕು ಹೇಳಿ" ಎಂದರು.

ಮಗಳು ಭಾನುವಾರ ಬಂದಳು. ಬಸ್ ಕಂಡಕ್ಟರ್ ಕೆಲಸ ಅವಳದು, ರಜೆಯಲ್ಲೂ ಹೆಗಲ ಚೀಲವನ್ನು ಎದೆಗೆ ಅವುಚಿಕೊಂಡೇ ನಿಂತಿದ್ದಳು. ಮಾತಾಡುವ ಮುಂಚೆ ಕೆಳದುಟಿ ಕಚ್ಚುವುದು ಅಪ್ಪನದೇ ಅಚ್ಚು. ಅಕ್ಕ ಸ್ಟೂಲು ಒರೆಸಿ ಕೊಟ್ಟಳು. ಕಂಪೌಂಡರು ಮೆಟ್ಟಿಲು ಇಳಿದು ಬಂದವರು ಇಬ್ಬರ ಮುಖ ನೋಡಿ ಸದ್ದಿಲ್ಲದೆ ಮೇಲೆ ಹೋದರು.

"ಅಮ್ಮ ಹೋದ ವರ್ಷ ತೀರಿಕೊಂಡ್ರು," ಎಂದಳು ಮಗಳು. "ಸಾಯೋ ಮುಂಚೆ ಪೆಟ್ಟಿಗೆಯಿಂದ ಒಂದು ಕಾರ್ಡ್ ತೆಗೆದು ಕೊಟ್ರು. ಅಪ್ಪ ಇಲ್ಲ ಅಂತ ಒಂದೇ ಸಾಲು. ಕೆಳಗೆ ಹೆಸರಿಲ್ಲ, ಅಂಚೆ ಮೊಹರಿನಲ್ಲಿ ಈ ಊರಿನ ಹೆಸರು ಮಾತ್ರ ಇತ್ತು."

"ನಾನೇ ಹಾಕಿದ್ದು. ಏನಂತ ಹೆಸರು ಬರೀಲಿ ಹೇಳು."

"ಅಪ್ಪ ಯಾವುದೋ ಅಂಗಡಿ ಕಟ್ಟೆ ಮೇಲೆ ಒಬ್ಬರೇ ಸತ್ತಿರ್ತಾರೆ ಅಂದ್ಕೊಂಡಿದ್ದೆ. ಕಚೇರೀಲಿ ಹೆಂಡತಿ ಅಂತ ನೋಡಿದಾಗ ಮೈಯೆಲ್ಲ ಉರೀತು. ಊರು ಮುಟ್ಟೋ ತನಕ ನಿಮ್ಮನ್ನ ಬೈಕೊಂಡೇ ಹೋದೆ." ಅವಳು ತುಟಿ ಕಚ್ಚಿದಳು. "ಮನೆಗೆ ಹೋಗಿ ಮಲಗಿದೆ ನೋಡಿ, ಎಷ್ಟೋ ವರ್ಷದ ಮೇಲೆ ಒಳ್ಳೇ ನಿದ್ದೆ ಬಂತು. ಅಂತೂ ಒಬ್ಬರೇ ಸಾಯಲಿಲ್ಲವಲ್ಲ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ನಮ್ಮನ್ನ ನೆನೆಸ್ಕೊಳ್ತಿದ್ರಾ?"

ದಿನಾ ನೆನೆಸುತ್ತಿದ್ದರು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಕ್ಕ ಅದನ್ನು ನುಂಗಿಕೊಂಡಳು.

"ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ವಾಪಸ್ ಹೊರಟುಬಿಡ್ತಾರೋ ಅಂತ ಭಯ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಕೊನೇ ವಾರ ಜ್ವರ ತಲೆಗೇರಿತ್ತು. ಆಗ ಒಂದೇ ಪ್ರಶ್ನೆ. ಶಾಲೆ ಬಸ್ ಬಂತಾ, ಶಾಲೆ ಬಸ್ ಬಂತಾ ಅಂತ. ನಮ್ಮನೇಲಿ ಶಾಲೆಗೆ ಹೋಗೋರು ಯಾರಿದ್ರು? ಮೊದಮೊದಲು ಇಲ್ಲ ಅಂತಿದ್ದೆ, ಹಾಸಿಗೆಯಿಂದ ಎದ್ದೇ ಬಿಡೋರು. ಆಮೇಲೆ, ಬಂತು, ಹತ್ತಿಸಿ ಬಂದೆ, ಮಲಗಿ ಅಂತಿದ್ದೆ. ಆಗ ಕಣ್ಣು ಮುಚ್ಚೋರು."

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಿಕ್ಕುತ್ತಲೇ ಹೇಳಿದಳು: "ತಿರುವಿನ ತನಕ ಕೈ ಹಿಡ್ಕೊಂಡು ಬರ್ತಿದ್ರು. ನನ್ನ ಹತ್ತಿಸಿ, ಬಸ್ ಕಣ್ಮರೆ ಆಗೋವರೆಗೂ ಅಲ್ಲೇ ನಿಂತಿರ್ತಿದ್ರು. ಅದೊಂದು ನೆನಪಿದೆ ನನಗೆ."

ಅಕ್ಕ ಎದ್ದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಳಬೇಡ ಎನ್ನಲಿಲ್ಲ. ಅವಳಿಗೂ ಅಳುವುದಿತ್ತು, ಇಪ್ಪತ್ತೆರಡು ವರ್ಷ ಜೊತೆಗೆ ಅಳಲು ಯಾರೂ ಸಿಕ್ಕಿರಲಿಲ್ಲ.

ನಾಲ್ಕರ ಬಸ್ಸು ತಪ್ಪಿತು, ಆರರದ್ದೂ ಹೋಯಿತು. "ಕಂಡಕ್ಟರಿಗೇ ಬಸ್ ತಪ್ಪಿದ್ರೆ ಪ್ರಯಾಣಿಕರ ಗತಿ ಏನೇ?" ಎಂದು ಅಕ್ಕ ಗದರಿದಳು. ಮಗಳು ಮೂಗೊರೆಸಿಕೊಂಡು ನಕ್ಕಳು.

"ಇರಲಿ ಬಿಡಿ ಚಿಕ್ಕಮ್ಮ, ನಾಳೆ ಮಧ್ಯಾಹ್ನದ ಡ್ಯೂಟಿ. ಅಪ್ಪ ಅಡುಗೆ ಮಾಡ್ತಿದ್ರಾ?"

"ಅವರಾ? ನೀರು ಕಾಯಿಸಿದ್ರೂ ತಳ ಹಿಡಿಸೋರು," ಎಂದು ಚಿಕ್ಕಮ್ಮ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಶುರುಮಾಡಿದಳು.