ಜುಟ್ಟಿನ ಕೆಳಗಿನ ಕಣ್ಣು

ಊಟದ ಮುಂಚಿನ ಪ್ರಾರ್ಥನೆಗೆ ಎಲ್ಲರ ಕಣ್ಣೂ ಮುಚ್ಚಿವೆ, ನನ್ನವು ಮಾತ್ರ ತೆರೆದಿವೆ, ಅನ್ನದಿಂದ ಹಬೆ ಏಳುತ್ತಿದೆ, ತಂಗಿ ಗಿರಿಜಾಂಬಿಕಾಳ ರೆಪ್ಪೆಯೊಳಗೆ ಏನೋ ಅತ್ತಿಂದಿತ್ತ ಓಡಾಡುತ್ತಿದೆ, ಗುಡ್ಡೆಯೋ ದೇವರೋ — ಅವಳ ಗಂಡ ರವಿಕಿರಣ್ ತಲೆ ಬಗ್ಗಿಸಿರುವ ಪರಿ ನೋಡಿದರೆ ಆಟೋ ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ನೋಡುವವನ ಹಾಗೆ — ನಾವು ದೇವರ ಮುಂದೆ ಕಣ್ಣು ಬಿಡುವ ಜನ, ಮಂಗಳಾರತಿ ಎತ್ತಿದಾಗ ಮುಂದಿನವನ ತಲೆ ಅಡ್ಡ ಬಂದರೆ ತುದಿಗಾಲಲ್ಲಿ ಇಣುಕುತ್ತೇವೆ, ನೋಡುವುದಕ್ಕೇ ಹೋಗುವುದು, ಇವರು ಅದೇ ಹೊತ್ತಿಗೆ ಮುಚ್ಚಿಕೊಳ್ಳುತ್ತಾರೆ, ಮುಚ್ಚಿದರೆ ಕಾಣುವುದಾದರೂ ಏನು, ಒಮ್ಮೆ ಕೇಳಿಯೇ ಬಿಟ್ಟಿದ್ದೆ, ಏನ್ ಕಾಣ್ತದೆ ಗಿರಿಜಾ, ನಂಗೇನೂ ಕಾಣಲ್ಲ ಕಣಣ್ಣ, ಅವ್ನಿಗೆ ನಾನು ಕಾಣ್ತೀನಿ — ಇವಳು ಕ್ರೈಸ್ತಳಾದಾಗ, ಗಿರಿಜೆ ಇಗರ್ಜಿಗೆ ಹೋದಳು ಎಂದು ನಾನು ದುಡಿಯುವ ಕಾಯಿ ಮಂಡಿಯಲ್ಲಿ ನಗಿಸಿದವನು ನಾನೇ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ದೊಡ್ಡ ಮೋಸಗಾತಿ ಇವಳು, ಕೈಯಲ್ಲಿ ಮುಖ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ಒಂದು ಕಣ್ಣು ತೆರೆದಿಡುವಳು, ಲೇ ನೋಡ್ತಾ ಇದೀಯ, ಇಲ್ಲ ಕಣಣ್ಣ ಮುಚ್ಚೈತೆ. ತೆಂಗಿನಕಾಯಿಯ ಥರ, ಮೂರು ಕಣ್ಣಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ, ಆ ಮೆತ್ತನೆಯ ಕಣ್ಣಿಗೆ ಮೊಳೆ ಚುಚ್ಚಿ ನೀರು ಹೀರುತ್ತಿದ್ದೆವು, ಅದು ಎಲ್ಲಿದೆ ಎಂದು ಜುಟ್ಟಿನೊಳಗೆ ಬೆರಳಿಟ್ಟೇ ಹೇಳುತ್ತಿದ್ದಳು.

ಕಾಯಿ ಇಲ್ಲೇ ಇದೆ, ನಮ್ಮಿಬ್ಬರ ನಡುವೆ ನೆಲದ ಮೇಲೆ, ಗೌರಿ ಹಬ್ಬದ ಮೊರದಲ್ಲಿ, ಬಳೆ, ರವಿಕೆ ಬಟ್ಟೆ, ಜುಟ್ಟಿನ ಕಾಯಿ — ತಗೋತಾಳೋ ಇಲ್ಲವೋ. ಮೊದ್ಲು ಪ್ರಾರ್ಥನೆ ಮಾಡಾನ, ಆಮ್ಯಾಕೆ ನೋಡಾನ, ಅಂದಿದ್ದಾಳೆ. ಹೋದ ವರ್ಷ ಹೊಸ್ತಿಲಲ್ಲೇ ತಡೆದಳು, ಬ್ಯಾಡ ಕಣಣ್ಣ, ವಿಗ್ರಹದ ಮುಂದೆ ಇಟ್ಟಿದ್ದು ನಾವು ಮುಟ್ಟಂಗಿಲ್ಲ, ಬೇಜಾರ್ ಮಾಡ್ಕಬ್ಯಾಡ — ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಇವಳ ಕಿಬ್ಬನಹಳ್ಳಿಯಿಂದ ನಮ್ಮ ಹಂದನಕೆರೆಗೆ ವಾಪಸು ಬಸ್ಸು, ಪಕ್ಕದ ಸೀಟಿನ ಅಜ್ಜಿ, ಯಾಕ್ ಮಗ, ತಂಗಿ ಊರಲ್ಲಿಲ್ವಾ, ಅವ್ಳೆ ಕಣಜ್ಜಿ, ಅದೇ ತೊಂದ್ರೆ. ಇವತ್ತು ಬೆಳಿಗ್ಗೆ ಅವ್ವ, ಈ ಸಲಾನೂ ಮೊರ ವಾಪಸ್ ಬಂದ್ರೆ ಮುಂದುಕ್ಕೆ ಬಾಗಿನ ಇಲ್ಲ ಕಣ್ಲಾ, ಮಗಳೂ ಇಲ್ಲ ಅಂದ್ಕಂತೀನಿ ಬುಡು, ಅವ್ವ ಹೇಳಿದ್ದನ್ನು ಮಾಡುವವಳು, ಅದಕ್ಕೇ ಅವಳು ಒಲೆ ಮುಂದೆ ಇದ್ದಾಗ ಗೌರಿಯ ಮುಂದೆ ಇಟ್ಟಿದ್ದು ಕಾಯಿ ಮಾತ್ರ, ಅದನ್ನು ಎತ್ತಿಟ್ಟು ನಾನೇ ಸುಲಿದ ಬೇರೆ ಕಾಯಿ ಮೊರಕ್ಕೆ ಇಟ್ಟೆ, ದೇವರ ಮುಖ ನೋಡದ ಕಾಯಿ, ಜುಟ್ಟು ಒಂದೇ ಥರ, ಯಾರಿಗೂ ಗೊತ್ತಾಗದು — ಗೌರಿಗೆ ಗೊತ್ತು, ಗಿರಿಜಾಳ ಕರ್ತನಿಗೂ ಗೊತ್ತಿರಬೇಕು, ಇಬ್ಬರೂ ಮಾತಾಡಿಕೊಂಡರೆ ನನ್ನ ಕಥೆ ಮುಗಿಯಿತು. ಹೇಳಿಬಿಡಲೇ, ಇದು ಬರೀ ಕಾಯಿ ಕಣೇ, ಧೈರ್ಯವಾಗಿ ತಗೋ, ಆದರೆ ಬರೀ ಕಾಯಿ ತಗೊಂಡರೆ ಅದು ಬಾಗಿನ ಹೇಗಾಗುತ್ತದೆ, ಇರು, ಕಾಯಿ ಅದೇ ಕಾಯಿ, ಅದೇ ನೀರು, ಅವ್ವನಿಗೆ ಒಂದು, ಇವಳಿಗೆ ಇನ್ನೊಂದು, ನನಗೆ ಮಂಡಿಯ ರೇಟು.

ಇವಳಿಗೀಗ ಎಲ್ಲವನ್ನೂ ಯಾರೋ ಕಳಿಸಿದ್ದೇ, ಮಳೆ ಬಂದರೆ ಕೊಟ್ಟ, ಬಸ್ಸು ತಪ್ಪಿದರೆ ತಡೆದ, ತೆಂಗಿಗೆ ನುಸಿ ಬಿದ್ದರೆ ಪಾಪ ಲೋಕಕ್ಕೆ ಬಂದಾಗ್ನಿಂದ ಹಿಂಗೇ ಕಣಣ್ಣ, ಅಲ್ಲ ಕಣೇ, ಬೇರಿಗೆ ಔಷಧಿ ಕಟ್ಟಲಿಲ್ಲ ಅದಕ್ಕೆ — ಇವಳ ಸಭೆಯ ಪಾಸ್ಟರ್ ಬಾಲರಾಜು ಬಾಯಿ ತೆರೆದರೆ ಕ್ರಿಯಾಪದಗಳೆಲ್ಲ ಕೋಟು ಹಾಕಿಕೊಂಡು ಬರುತ್ತವೆ, ಪ್ರಿಯರೇ, ಕರ್ತನು ಈ ಸಹೋದರಿಯ ಹೊಲಿಗೆ ಮಿಷನ್ನನ್ನೂ ಬಲ್ಲಾತನಾಗಿದ್ದಾನೆ, ಇವಳ ಮುಂದೆಯೇ ಆ ದನಿ ತೆಗೆದು ತೋರಿಸಿದ್ದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು, ಚೆನ್ನಾಗ್ ಮಾಡ್ತೀಯ, ಆದ್ರೆ ಮಿಷನ್ನು ಬಲ್ಲ ಅನ್ನೋದು ನಿಜ ಕಣಣ್ಣ. ಇವತ್ತು ಬಸ್ಸಿನ ಕಿಟಕಿಯಲ್ಲಿ ಅವಳ ಕಣ್ಣು ಹಾಕಿಕೊಂಡು ನೋಡಿದೆ, ಒಂದೊಂದು ಮರವನ್ನೂ ಯಾರೋ ನೆನೆದು ನೆನೆದು ನಿಲ್ಲಿಸಿದ್ದಾರೆ ಅಂದುಕೊಂಡು, ಹಾಗಾದರೆ ನನ್ನನ್ನೂ ಯಾರೋ ನೋಡುತ್ತಿರಬೇಕಲ್ಲ ಅನ್ನಿಸಿದ್ದೇ ಮೊರದ ಮೇಲೆ ಟವೆಲ್ ಮುಚ್ಚಿದೆ, ಮರಗಳು ಮತ್ತೆ ಮರಗಳಾದವು — ಗಿರಿಜಾ ಏನೋ ಹೇಳುತ್ತಿದ್ದಾಳೆ, ದನಿ ಸಣ್ಣಗಾಗಿದೆ, ಕರ್ತನೇ, ನಮ್ಮಣ್ಣ ಬಿಸ್ಲಲ್ಲಿ ಬಂದವ್ನೆ, ಅವನ ಮಂಡಿನೋವು ವಾಸಿ ಮಾಡು, ಈ ಕಾಯಿ ಅವ್ವ ಯಾರ್ ಮುಂದೆ ಇಟ್ಟಿದ್ಲೋ ನಿಂಗೂ ಗೊತ್ತು, ಮರ ಮಾಡಿದ್ದು ನೀನು, ನೀರು ತುಂಬಿದ್ದೂ ನೀನೇ, ನಡುವೆ ಯಾರ್ ಮುಂದೆ ಕುಂತಿದ್ರೇನಂತೆ, ಅವ್ವನ ಕೈಯಿಂದ ಬಂದೈತೆ, ನಾನು ತಗಂತೀನಿ — ಮಾತಲ್ಲೇ ತಗೊಂಡಳು, ಗೌರಿಯನ್ನೂ ದಾಟಿ ಬಂದು ತಗೊಂಡಳು, ಕಾಯಿ ಬದಲಿಸಿ ನಾನು ತೆಗೆದಿಟ್ಟ ಅಡ್ಡಿಯನ್ನು, ಬದಲಿಸದಿದ್ದರೂ, ಅವಳೇ ದಾಟುತ್ತಿದ್ದಳು, ಅವ್ವನ ಕೈಯಿಂದ ಅಂದಳಲ್ಲ, ಅವ್ವ ಮುಟ್ಟಿದ ಕಾಯಿ ಮನೆಯಲ್ಲಿದೆ, ಇದನ್ನು ಅವ್ವ ಮುಟ್ಟೇ ಇಲ್ಲ, ಹೇಳಲೇ, ಆಮೆನ್ ಆಗುವ ಮೊದಲೇ ಹೇಳಲೇ, ಅವಳ ಕೈ ಮೊರಕ್ಕಿಳಿಯುತ್ತದೆ, ಬೆರಳು ಜುಟ್ಟಿನೊಳಗೆ ಹೋಗುತ್ತದೆ, ಹುಡುಕುತ್ತದೆ, ಮೆತ್ತನೆಯದರ ಮೇಲೆ ನಿಲ್ಲುತ್ತದೆ, ರೆಪ್ಪೆ ಅಲುಗುತ್ತಿದೆ, ಒಂದು ಮುಚ್ಚಿಯೇ ಇದೆ, ಇನ್ನೊಂದು — ಕೂದಲೆಳೆಯಷ್ಟು ತೆರೆದು — ನನ್ನನ್ನೇ ನೋಡುತ್ತಾ — ಅದೇ ಕಣ್ಣಾಮುಚ್ಚಾಲೆಯ ಒಂದು ಕಣ್ಣು, ಒಂದೇ ಕಣ್ಣು